ಅಮ್ಮ ಟೀಗೆ ಬಂದಳು

ರಾತ್ರಿ ಊಟಕ್ಕೆ ‘ಟೀ’ ಎಂದು ಹೆಸರಿಟ್ಟುಕೊಂಡಿರುವ ಊರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿರುವುದೆಂದರೆ, ಬದನೆಕಾಯಿಗೆ ಮೀನು ಅನ್ನುವ ಸಂತೆಯಲ್ಲಿ ತರಕಾರಿ ಮಾರಲು ಕೂತ ಹಾಗೆ. ವ್ಯಾಪಾರವೂ ಆಗುವುದಿಲ್ಲ, ಮರ್ಯಾದೆಯೂ ಉಳಿಯುವುದಿಲ್ಲ.

ನಾನು ಹುಟ್ಟಿದ್ದು ದಕ್ಷಿಣದ ಕೆಂಟ್ ಸೀಮೆಯಲ್ಲಿ. ನಮ್ಮಮ್ಮ ನನಗೆ ಹಾಲಿನ ಜೊತೆಗೇ ಪದಶುದ್ಧಿಯನ್ನೂ ಕುಡಿಸಿದವಳು. ಮಧ್ಯಾಹ್ನ ತಿನ್ನುವುದು ಲಂಚ್. ನಾಲ್ಕು ಗಂಟೆಗೆ ಟೀ, ಅಂದರೆ ಬಸಿಯ ಮೇಲೆ ಕಪ್ಪು, ಪಕ್ಕದಲ್ಲಿ ಅಂಚು ಕತ್ತರಿಸಿದ ತ್ರಿಕೋನಾಕಾರದ ಸ್ಯಾಂಡ್‌ವಿಚ್. ರಾತ್ರಿಯದು ಡಿನ್ನರ್. ಚಿಕ್ಕವನಿದ್ದಾಗ ಒಮ್ಮೆ ಉತ್ತರದ ಕಡೆಯಿಂದ ಬಂದಿದ್ದ ಹಾಲಿನವನ ಬಾಯಿಂದ ಕಲಿತುಕೊಂಡು ಮಧ್ಯಾಹ್ನದ ಊಟಕ್ಕೆ ‘ಡಿನ್ನರ್’ ಅಂದುಬಿಟ್ಟೆ. ಅಮ್ಮ ಬೈಯಲಿಲ್ಲ. ಹಾಲಿನವನನ್ನು ಬದಲಾಯಿಸಿದಳು.

ಇಂಥ ಸಂಸ್ಕಾರವಂತನನ್ನು ವಿಧಿಯು ಉತ್ತರದ ಲ್ಯಾಂಕಶೈರ್‌ಗೆ, ಹಾರ್ಡನ್‌ಶಾ ಎಂಬ ಗಿರಣಿ ಊರಿನ ಶಾಲೆಗೆ ತಂದು ಎಸೆಯಿತು. ಆಗ್ನೆಸ್ ಕ್ಲೆಗ್ ಎಂಬ ವಿಧವೆಯ ಮನೆಯಲ್ಲಿ ರೂಮು ಹಿಡಿದೆ. ಮೊದಲ ದಿನ ಸಂಜೆ ಐದೂವರೆಗೆ ಆಕೆ ಬಾಗಿಲು ಬಡಿದು, “ಟೀ ಆಗೇತ್ರಿ, ಬರ್ರಿ” ಅಂದಳು. ನಾನು ಅತಿವಿನಯದಿಂದ, “ಬೇಡ ತಾಯಿ, ಶಾಲೆಯಲ್ಲೇ ಕುಡಿದು ಬಂದೆ” ಅಂದೆ. ಹೀಗೆ ವಿನಯ ತೋರಿಸುತ್ತಾ ವಾರವೆಲ್ಲ ಉಪವಾಸ ಮಲಗಿದೆ. ಕಡೆಗೆ ಆಕೆಯ ಮಗಳು ಮ್ಯೂರಿಯಲ್‌ಗೆ ಕನಿಕರ ಬಂದು, ಈರುಳ್ಳಿ ಹಾಕಿ ಹುರಿದ ಕುರಿಯ ಲಿವರ್ ತಟ್ಟೆಯನ್ನು ನನ್ನ ಮುಂದಿಟ್ಟು, “ಇದರ್ರೀ ಟೀ ಅಂದ್ರ” ಎಂದು ಅರ್ಥ ಹೇಳಿದಳು. ಮುಂದಿನ ವರ್ಷ ಅವಳನ್ನೇ ಮದುವೆಯಾದೆ. (ಹಸಿದವನಿಗೆ ನಿಘಂಟು ಕೂಡ ರೂಪವತಿಯಾಗಿ ಕಾಣುತ್ತದೆ.)

ಮದುವೆಗೆ ಅಮ್ಮ ಬರಲಿಲ್ಲ. ಉತ್ತರದ ಮಂಜು ಎದೆಗೆ ಆಗುವುದಿಲ್ಲ ಎಂದಳು. ಮದುವೆ ಜೂನ್ ತಿಂಗಳಲ್ಲಿತ್ತು. ಮ್ಯೂರಿಯಲ್ ಆಗ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವಳು, ಅಮ್ಮನ ಎದೆಗೆ ಆಗದೆ ಇದ್ದದ್ದು ಅದು. ಅಲ್ಲಿಂದಾಚೆಗೆ ಹನ್ನೆರಡು ವರ್ಷ ಪ್ರತಿ ಕ್ರಿಸ್‌ಮಸ್‌ಗೂ ಸೊಸೆಗೆ ಒಂದು ಪೆಟ್ಟಿಗೆ ಸುವಾಸನೆಯ ಸೋಪು ಕಳಿಸುತ್ತಿದ್ದಳು. ಅದರ ಅರ್ಥವೇನೆಂದು ಮ್ಯೂರಿಯಲ್ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೋಪು ಮಾತ್ರ ಕಪಾಟಿನಲ್ಲಿ ಬೆಳೆಯುತ್ತಾ ಹೋಯಿತು.

ಹೀಗಿರುವಾಗ ಅರವತ್ತೆರಡನೇ ಇಸವಿಯ ಮೇ ತಿಂಗಳಲ್ಲಿ ಅಮ್ಮನ ಫೋನು ಬಂತು.

“ಹಂಫ್ರಿ, ಸರೋವರಗಳ ಕಡೆ ನನ್ನ ಸೋದರ ಸಂಬಂಧಿ ಇದಾಳಲ್ಲ, ಅಲ್ಲಿಗೆ ಹೊರಟಿದೀನಿ. ನಿಮ್ಮೂರಿನ ಹತ್ತಿರವೇ ಗಾಡಿ ಬದಲಾಯಿಸಬೇಕಂತೆ. ಶನಿವಾರ ನಿಮ್ಮ ಮನೆಗೆ ಟೀಗೆ ಬರೋಣ ಅಂತಿದೀನಿ. ಆರೂಮುಕ್ಕಾಲಿಗೆ ನನಗೆ ಮುಂದಿನ ಗಾಡಿ ಇದೆ.”

ಫೋನು ಇಟ್ಟೆ. ಮ್ಯೂರಿಯಲ್‌ಗೆ ಹೇಳಿದೆ. ಅವಳು ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಅಂಗಿಯ ಮೇಲೇ ಮರೆತು ನಿಂತಳು. ಅಂಗಿ ಹೋಯಿತು, ಆದರೆ ಅವಳ ಮುಖ ನೋಡಿ ಏನೂ ಅನ್ನಲು ಮನಸ್ಸಾಗಲಿಲ್ಲ.

“ಟೀಗೆ ಬರ್ತಾರಂತ? ಖರೇನ?” ಅಂದಳು. “ಹಂಗಾದ್ರ ಮಾಂಸ ಆಲೂಗಡ್ಡಿ ಹಾಕಿ ದೊಡ್ಡ ಪೈ ಮಾಡ್ತೀನಿ. ಜೋಡಿಗೆ ಕೆಂಪು ಕೋಸಿನ ಉಪ್ಪಿನಕಾಯಿ. ಮ್ಯಾಲೆ ಡಬ್ಬಿ ಪೀಚ್ ಹಣ್ಣು. ನನ್ನ ಕೈ ಅಡಿಗಿ ಒಮ್ಮೆ ಉಂಡ್ರಂದ್ರ ನಾನೂ ಮನಷ್ಯಾಳ ಅಂತ ಆಕಿಗೆ ಗೊತ್ತಾಗ್ತೈತಿ.”

ಇಲ್ಲಿ ನಾನು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಒಂದು ಪದವು ಎರಡು ಅರ್ಥಗಳ ನಡುವೆ ತೂಗಾಡುತ್ತಿರುವಾಗ ಸುಮ್ಮನಿರುವವನು ಇಂಗ್ಲಿಷ್ ಮೇಷ್ಟ್ರು ಹೇಗಾದಾನು? ಗಂಟಲು ಸರಿಮಾಡಿಕೊಂಡು ಟೀಗೊಂದು ಟೀಕೆ ಶುರು ಮಾಡಿದೆ.

“ನೋಡು ಮ್ಯೂರಿಯಲ್, ಪದದ ಅರ್ಥ ಹೇಳಿದವರ ಬಾಯಲ್ಲಿರುತ್ತದೆಯೇ ಹೊರತು ಕೇಳಿದವರ ಹೊಟ್ಟೆಯಲ್ಲಿ ಅಲ್ಲ. ಅಮ್ಮ ಟೀ ಅಂದರೆ ನಾಲ್ಕು ಗಂಟೆಯ ಟೀ. ಕಪ್ಪು, ಬಸಿ, ಸೌತೆಕಾಯಿ ಸ್ಯಾಂಡ್‌ವಿಚ್, ಒಂದು ಚೂರು ಕೇಕು. ಅದರ ಮುಂದೆ ನೀನು ಆ ಪೈ ತಂದಿಟ್ಟರೆ ಅವಳು ಮೂರ್ಛೆ ಹೋಗುತ್ತಾಳೆ.”

“ಪೈ ನೋಡಿ ಮೂರ್ಛೆ ಹೋದವರನ್ನ ನಾ ಇನ್ನೂ ನೋಡಿಲ್ಲ.”

“ನೀನು ದಕ್ಷಿಣದವರನ್ನೇ ನೋಡಿಲ್ಲ.”

“ಒಬ್ಬಾಂವನ ಜೋಡಿ ಹನ್ನೆರಡು ವರ್ಷದಿಂದ ಬಾಳೇವು ಮಾಡಾಕತ್ತೀನಿ. ಆಂವಾ ಎರಡೆರಡು ಸರ್ತಿ ಹಾಕಿಸ್ಕೊಂಡು ತಿಂತಾನ.”

ಆ ಹೊತ್ತಿಗೆ ಹಿಂಬಾಗಿಲಿನಿಂದ ಅತ್ತೆ ಆಗ್ನೆಸ್ ಒಳಗೆ ಬಂದರು. (ನಮ್ಮ ಮನೆಗೂ ಪಕ್ಕದ ಅವರ ಮನೆಗೂ ಒಂದೇ ಗೋಡೆ. ಆ ಗೋಡೆ ಇಟ್ಟಿಗೆಯದೋ ಕಾಗದದ್ದೋ ಎಂದು ನನಗೆ ಇವತ್ತಿಗೂ ಅನುಮಾನ. ನಮ್ಮಲ್ಲಿ ದನಿ ಏರಿದ ಮರುಗಳಿಗೆ ಅವರು ಸಕ್ಕರೆ ಕೇಳಲು ಬರುತ್ತಾರೆ.) ಸೌತೆಕಾಯಿಯ ಸುದ್ದಿ ಕೇಳಿ ಅವರು ಕುರ್ಚಿ ಎಳೆದುಕೊಂಡು ಕೂತರು.

“ಅಲ್ಲೋ ತಮ್ಮಾ, ಇನ್ನೂರು ಮೈಲಿ ದಾಟಿ ಬರೂ ಬೀಗತಿಗೆ ಸೌತಿಕಾಯಿ ತಿನಸ್ತೀಯಾ? ಆಕಿ ಏನು ಮೊಲಾನ?”

“ಅವರ ಕಡೆ ಅದೇ ಪದ್ಧತಿ ಅತ್ತೆ.”

“ನಮ್ಮ ಕಡೆ ಟೀ ಅಂದ್ರ ತಟ್ಟ್ಯಾಗ ಆವಿ ಏಳಬೇಕು. ಕಪ್ಪಿನ್ಯಾಗ ಅಷ್ಟ ಆವಿ ಎದ್ರ ಅದಕ್ಕ ಟೀ ಅನ್ನೂದಿಲ್ಲ, ಅದಕ್ಕ ಬ್ರೂ ಅಂತೀವಿ. ಅಷ್ಟೂ ತಿಳೀದ ನೀ ಹುಡುಗರಿಗೆ ಇಂಗ್ಲಿಷ್ ಹೆಂಗ ಕಲಸ್ತೀಯೋ ದೇವರ ಬಲ್ಲ.”

ನನಗೆ ತಲೆ ಬಿಸಿಯಾಯಿತು. ಈ ‘ಬ್ರೂ’ ಎಂಬ ಶಬ್ದ ಅಮ್ಮನ ಕಿವಿಗೆ ಬಿದ್ದರೆ ಆಗುವ ಅನಾಹುತ ಕಣ್ಣ ಮುಂದೆ ಬಂತು. ಅದೂ ಅಲ್ಲದೆ ನಮ್ಮ ಅತ್ತೆ ಅಂಚೆಯವನಿಂದ ಹಿಡಿದು ಪಾದ್ರಿಯವರೆಗೆ ಎಲ್ಲರನ್ನೂ ‘ಬಂಗಾರ’ ಎಂದು ಕರೆಯುವವರು. ನಮ್ಮಪ್ಪ ಬದುಕಿರುವ ತನಕ ಅಮ್ಮನನ್ನು ‘ಸಿಬಿಲ್’ ಎಂದು ಪೂರ್ತಿ ಹೆಸರು ಹಿಡಿದೇ ಕರೆದರು, ಅದೂ ಅಗತ್ಯವಿದ್ದಾಗ ಮಾತ್ರ. ಧೈರ್ಯ ತಂದುಕೊಂಡು ಹೇಳಿಯೇಬಿಟ್ಟೆ. “ಅತ್ತೆ, ಬೇಸರ ಮಾಡಿಕೊಳ್ಳಬೇಡಿ. ಶನಿವಾರ ಒಂದು ದಿನ ನೀವು ನಿಮ್ಮ ಮನೆಯಲ್ಲೇ ಇದ್ದರೆ ಒಳ್ಳೆಯದು.”

ಅತ್ತೆ ಎದ್ದು ನಿಂತು, “ಆತಪಾ. ನನ್ನ ಮಾರಿ ತೋರಸೂದಿಲ್ಲ” ಎಂದು ಹೊರಟುಹೋದರು. ಸಕ್ಕರೆಯನ್ನೂ ಒಯ್ಯಲಿಲ್ಲ.

ಮ್ಯೂರಿಯಲ್ ಜಗಳವಾಡಲಿಲ್ಲ. ಮದುವೆಯಾದವರಿಗೆ ಗೊತ್ತು, ಅದು ಎಂಥ ಅಪಾಯದ ಸೂಚನೆ ಅಂತ. ಒಂದೇ ಮಾತು ಕೇಳಿದಳು.

“ಹಂಫ್ರಿ, ನಿನಗ ನಾಚಿಕಿ ನಮ್ಮ ಮಾತಿಂದೋ, ನಮ್ಮದೋ?”

“ಛೆ, ಪದದ ಅರ್ಥದ ಪ್ರಶ್ನೆ ಇದು” ಅಂದೆ. ಅವಳು ತಲೆ ಆಡಿಸಿ ಬಟ್ಟೆ ಮಡಿಸತೊಡಗಿದಳು.

ಶುಕ್ರವಾರ ಸಂಜೆ ಅವಳಿಗೆ ಸೌತೆಕಾಯಿ ಹೆಚ್ಚುವ ತರಬೇತಿ ಕೊಟ್ಟೆ. ಹೋಳು ಎಷ್ಟು ತೆಳುವಾಗಿರಬೇಕೆಂದರೆ ಕಣ್ಣಿಗೆ ಹಿಡಿದರೆ ಗೋಡೆಯ ಗಡಿಯಾರದಲ್ಲಿ ಗಂಟೆ ನೋಡುವಂತಿರಬೇಕು. ಮಗ್ಗದ ಎಳೆ ಹಿಡಿದ ಕೈ ಅದು, ನನಗಿಂತ ತೆಳುವಾಗಿ ಹೆಚ್ಚಿದಳು. ಬ್ರೆಡ್ಡಿನ ಅಂಚುಗಳನ್ನು ಕತ್ತರಿಸಿ ಹಾಕುವಾಗ ಮಾತ್ರ, “ತಿನ್ನೂ ಭಾಗನ್ನ ಒಗದು ಉಳಿದದ್ದನ್ನ ಬಡಸೂದು ಯಾವ ಶಾಸ್ತ್ರದಾಗೈತಿ?” ಎಂದು ತನ್ನಷ್ಟಕ್ಕೆ ಗೊಣಗಿದಳು. ನಾನು ಉದಾರವಾಗಿ ಕೇಳಿಸದವನಂತೆ ಇದ್ದೆ.

ಶನಿವಾರ ನಾಲ್ಕು ಗಂಟೆಗೆ ಸರಿಯಾಗಿ ಅಮ್ಮ ಟ್ಯಾಕ್ಸಿಯಿಂದ ಇಳಿದಳು. ಬೂದು ಬಣ್ಣದ ಟೋಪಿ, ಮುತ್ತಿನ ಸರ, ಮುಖ ಸ್ವಲ್ಪ ಬಿಳಿಚಿಕೊಂಡಿತ್ತು. ಗಾಡಿಯ ಆಯಾಸ ಅಂದುಕೊಂಡೆ. ಮ್ಯೂರಿಯಲ್ ಭಾನುವಾರದ ಉಡುಪು ಹಾಕಿ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಸೊಸೆ ಕೈ ಕುಲುಕಿದರು, ಎರಡು ದೇಶದ ರಾಯಭಾರಿಗಳ ಹಾಗೆ.

ಟೀ ಬಂತು. ಉಣ್ಣೆಯ ಟೋಪಿ ಹಾಕಿಕೊಂಡ ಟೀ ಪಾಟು, ಹೂವಿನ ಚಿತ್ರದ ಕಪ್ಪುಗಳು, ಮೂರಂತಸ್ತಿನ ತಟ್ಟೆಯಲ್ಲಿ ಸ್ಯಾಂಡ್‌ವಿಚ್ಚು, ಸ್ಕೋನು ಎನ್ನುವ ಪುಟ್ಟ ಬನ್ನು, ಕೇಕು. ನನ್ನ ಎದೆ ಹಿಗ್ಗಿತು. ಹಾರ್ಡನ್‌ಶಾದ ಹೊಗೆಯ ನಡುವೆ ಕೆಂಟಿನದೊಂದು ತುಣುಕನ್ನು ಸ್ಥಾಪಿಸಿದ್ದೆನಲ್ಲ.

ಅಮ್ಮ ಒಂದು ಸ್ಯಾಂಡ್‌ವಿಚ್ ತಿಂದಳು. ಇನ್ನೊಂದು ತಿಂದಳು. ಆಮೇಲೆ ಮಾತಾಡುತ್ತಾ ಆಡುತ್ತಾ ಕೆಳಗಿನ ಅಂತಸ್ತು ಖಾಲಿಯಾಯಿತು, ಅದರ ಹಿಂದೆ ಸ್ಕೋನುಗಳೂ ಹೋದವು. ಕೆಂಟಿನಲ್ಲಿ ಟೀ ಹೊತ್ತಿಗೆ ಒಂದೂವರೆ ಸ್ಯಾಂಡ್‌ವಿಚ್ ದಾಟದವಳು ನಮ್ಮಮ್ಮ. ಸೊಸೆಯ ಕೈಗುಣವನ್ನು ಮೆಚ್ಚಿದಳು ಎಂದು ನಾನು ಮ್ಯೂರಿಯಲ್ ಕಡೆ ಗೆಲುವಿನ ನೋಟ ಬೀರಿದೆ. ಅವಳು ಅಮ್ಮನ ಕೈಯನ್ನೇ ನೋಡುತ್ತಿದ್ದಳು.

ಕೇಕಿನ ಕಡೆಯ ಚೂರನ್ನೂ ಮುಗಿಸಿ ಅಮ್ಮ ತುಟಿ ಒರೆಸಿಕೊಂಡು, “ಬಹಳ ಚೆನ್ನಾಗಿತ್ತಮ್ಮ, ಶುರುವಿಗೆ” ಅಂದಳು. ಅಂದು, ಕೈಕಟ್ಟಿ ಅಡುಗೆಮನೆಯ ಬಾಗಿಲನ್ನು ನೋಡುತ್ತಾ ಕೂತಳು.

ನಾವೂ ಕೂತೆವು. ಹವೆಯ ವಿಷಯ ಬಂದು ಮುಗಿಯಿತು. ಸೋದರ ಸಂಬಂಧಿಯ ಮಂಡಿನೋವಿನ ವಿಷಯ ಬಂದು ಮುಗಿಯಿತು. ಐದು ಹೊಡೆಯಿತು. ಅಮ್ಮ ಅಡುಗೆಮನೆಯ ಬಾಗಿಲನ್ನು ನೋಡುವುದು ಬಿಡಲಿಲ್ಲ. ಅವಳ ಹೊಟ್ಟೆಯಿಂದ ಒಂದು ಸದ್ದು ಬಂತು. ಸುಸಂಸ್ಕೃತರಾದ ನಾವೆಲ್ಲ ಅದು ಹೊರಗಿನ ಲಾರಿಯದೆಂದು ತೀರ್ಮಾನಿಸಿದೆವು.

“ಹಂಫ್ರಿ, ನಿಮ್ಮ ಹಿತ್ತಲು ತೋರಿಸು ಬಾ” ಎಂದು ಅಮ್ಮ ಎದ್ದಳು. ನಮ್ಮ ಹಿತ್ತಲಿನಲ್ಲಿ ಇರುವುದು ಒಂದು ಕಲ್ಲಿದ್ದಲ ಗೂಡು, ಒಂದು ಬಟ್ಟೆ ಒಣಗಿಸುವ ಹಗ್ಗ. ಅವೆರಡನ್ನೂ ತೋರಿಸಿದೆ. ಅಮ್ಮ ನನ್ನ ತೋಳು ಹಿಡಿದು ದನಿ ತಗ್ಗಿಸಿದಳು.

“ಮಗು, ನಿಜ ಹೇಳು. ನಿನ್ನ ಕೆಲಸ ಇದೆಯೋ, ಹೋಯಿತೋ?”

“ಯಾಕಮ್ಮ?”

“ಮನೆಯಲ್ಲಿ ಊಟಕ್ಕೇ ಇಲ್ಲವಲ್ಲೋ.”

ಅಮ್ಮ ಮುಂದುವರಿಸಿದಳು. “ಗಾಡಿಯಲ್ಲಿ ಎದುರಿಗೆ ನಿಮ್ಮ ಕಡೆಯ ಬೋಲ್ಟನ್ ಊರಿನ ಹೆಂಗಸೊಬ್ಬಳು ಕೂತಿದ್ದಳು. ಒಳ್ಳೆಯವಳು. ಬೇಯಿಸಿದ ಮೊಟ್ಟೆ, ಮಾಂಸದ ಕಡುಬು ಎಲ್ಲ ಬಿಚ್ಚಿ, ತಗೊಳ್ಳಿ ಅಂತ ಬಲವಂತ ಮಾಡಿದಳು. ಬೇಡಮ್ಮ, ಮಗನ ಮನೆಗೆ ಟೀಗೆ ಹೋಗ್ತಿದೀನಿ ಅಂದೆ. ಅದಕ್ಕವಳು, ಹಂಗಾದ್ರ ಹೊಟ್ಟಿ ಖಾಲಿ ಇಟ್ಕೊಂಡು ಹೋಗ್ರಿ, ನಮ್ಮ ಕಡೆ ಟೀ ಅಂದ್ರ ತುಂಬು ಊಟ, ತಟ್ಟ್ಯಾಗ ಬಿಟ್ರ ಸೊಸಿ ಮನಸಿಗೆ ಹಚ್ಕೋತಾಳ ಅಂದಳು. ಹನ್ನೆರಡು ವರ್ಷ ಬರದೆ ಇದ್ದವಳು ನಾನು. ಇವತ್ತಾದರೂ ಮ್ಯೂರಿಯಲ್ ಏನು ಬಡಿಸಿದರೂ ಚೊಕ್ಕವಾಗಿ ಉಂಡು ಏಳೋಣ ಅಂತ ಗಾಡಿಯಲ್ಲಿ ಏನನ್ನೂ ಮುಟ್ಟದೆ ಬಂದೆ ಕಣೋ. ಅವಳಿಗೆ ನಾನು ಬಂದದ್ದೇ ಇಷ್ಟವಾಗಲಿಲ್ಲವೋ ಏನೋ.”

ಪುರಾಣಗಳಲ್ಲಿ ಭೂಮಿ ಬಾಯಿ ಬಿಡುವ ಸಂದರ್ಭ ಇದು. ಹಾರ್ಡನ್‌ಶಾದಲ್ಲಿ ಹಿತ್ತಲಿಗೆಲ್ಲ ಕಲ್ಲು ಹಾಸಿದೆ. ಆಗ ನಾನು, ಒಬ್ಬ ಸತ್ಯವಂತ ಮಗ ಏನು ಹೇಳಬೇಕಿತ್ತೋ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. “ಹಾಗೇನಿಲ್ಲಮ್ಮ. ಈ ಕಡೆಯವರಿಗೆ ಅತಿಥಿಸತ್ಕಾರ ಅಷ್ಟು ತಿಳಿಯದು. ಮ್ಯೂರಿಯಲ್‌ಗೆ ಇಷ್ಟೇ ಸಾಕು ಅನ್ನಿಸಿರಬೇಕು.”

ಅಡುಗೆಮನೆಯ ಕಿಟಕಿ ತೆರೆದೇ ಇತ್ತು.

“ಯಾರಿಗೆ ಸಾಕನ್ನಿಸ್ತು?” ಎಂದು ಒಳಗಿನಿಂದ ದನಿ ಬಂತು. ಹಿಂದೆಯೇ ಮ್ಯೂರಿಯಲ್ ಬಂದಳು. ಕೈಯಲ್ಲಿ ಬ್ರೆಡ್ಡು ಕೊಯ್ಯುವ ಚಾಕು ಇತ್ತು. (ಪಾತ್ರೆ ತೊಳೆಯುತ್ತಿದ್ದಳು, ಅಷ್ಟೇ. ಆದರೂ ಒಂದು ಹೆಜ್ಜೆ ಹಿಂದೆ ಸರಿದೆ.) “ಪೈ ಮಾಡ್ತೀನಿ ಅಂದಾಕಿ ಯಾರು? ಬ್ಯಾಡ, ನಮ್ಮವ್ವ ಮೂರ್ಛೆ ಹೋಗ್ತಾಳ ಅಂದಾಂವ ಯಾರು? ಹೇಳು ಹಂಫ್ರಿ, ಆ ಪದದ ಅರ್ಥ ಇಲ್ಲೇ ಬಿಡಿಸಿ ಹೇಳು.”

ಅಮ್ಮ ನನ್ನ ಮುಖ ನೋಡಿದಳು, ಮ್ಯೂರಿಯಲ್ ಮುಖ ನೋಡಿದಳು. “ಪೈ ಮಾಡ್ತಿದ್ದೆಯಾ?” ಎಂದು ಕೇಳಿದ ದನಿಯಲ್ಲಿ ಹಸಿವು, ದುಃಖ, ಆಸೆ ಮೂರೂ ಬೆರೆತಿದ್ದವು.

“ಮಾಡೇ ಮಾಡೀವ್ರಿ” ಎಂದು ಆಕಾಶವಾಣಿಯಾಯಿತು. ತಲೆಯೆತ್ತಿದರೆ ಗೋಡೆಯ ಮೇಲೆ ನಮ್ಮ ಅತ್ತೆಯ ತಲೆ. ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಹತ್ತಿ ನಿಂತಿದ್ದರು. “ನಿನ್ನೆ ನನ್ನ ಮಗಳು ನಮ್ಮನ್ಯಾಗ ಕುಂತು ಕಲಸಿ ಇಟ್ಟು ಹೋಗ್ಯಾಳ. ನನ್ನ ಓವನ್ನಿನ್ಯಾಗ ಬಿಸಿ ಐತಿ. ಬರ್ರಿ ಬಂಗಾರ, ಈ ಕಡೆ ಬರ್ರಿ.”

“ಅತ್ತೆ,” ಅಂದೆ, “ನೀವು ಮುಖ ತೋರಿಸುವುದಿಲ್ಲ ಅಂದಿದ್ದಿರಿ.”

“ಮಾರಿ ತೋರಸೂದಿಲ್ಲ ಅಂದಿದ್ನಿ. ಕಿವಿ ಕೊಡೂದಿಲ್ಲ ಅಂತ ಅಂದಿರಲಿಲ್ಲ. ನಿಮ್ಮವ್ವನ ಹೊಟ್ಟಿ ಕೂಗೂದು ಗೋಡಿ ದಾಟಿ ಬಂತು. ಮಾರಿ ತಾನ ಮ್ಯಾಲೆ ಬಂತು.”

ಬಂಗಾರ ಎಂದು ಕರೆಸಿಕೊಂಡ ನಮ್ಮಮ್ಮ ಗಡಗಡನೆ ನಡುಗುತ್ತಾಳೆ ಎಂದು ಕಾದೆ. ಅವಳು ಟೋಪಿಯನ್ನು ಸರಿಮಾಡಿಕೊಂಡು, ಆಟಕ್ಕೆ ಕರೆಸಿಕೊಂಡ ಹುಡುಗಿಯ ಹಾಗೆ ಓಣಿ ಸುತ್ತಿ ಅತ್ತೆಯ ಮನೆಗೆ ಹೊರಟೇಬಿಟ್ಟಳು. ಮ್ಯೂರಿಯಲ್ ಚಾಕು ಹಿಡಿದೇ ಹಿಂದೆ ನಡೆದಳು. ನಾನೂ ಹೋದೆ. ನನಗೂ ಹಸಿವಾಗಿತ್ತು, ಯಾಕೆಂದರೆ ಸ್ಯಾಂಡ್‌ವಿಚ್ಚುಗಳ ವಿಷಯದಲ್ಲಿ ಅಮ್ಮ ನನಗೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಮೇಜಿನ ಮೇಲೆ ಪೈ ಕೂತಿತ್ತು. ಹೊಂಬಣ್ಣದ ಮುಚ್ಚಳ, ನಡುವಿನ ತೂತಿನಿಂದ ಆವಿ, ಪಕ್ಕದಲ್ಲಿ ಕೆಂಪು ಕೋಸು. ಅತ್ತೆ ಮೂರು ತಟ್ಟೆ ಇಟ್ಟರು. ನಾನು ನಾಲ್ಕನೆಯ ಕುರ್ಚಿ ಎಳೆದೆ.

“ನಿನ್ನ ಟೀ ಆತಲ್ಲಪಾ” ಎಂದರು ಅತ್ತೆ. “ನಾಕು ಗಂಟೆಕ್ಕ, ಕಪ್ಪು ಬಸಿ ಎಲ್ಲಾ ಇಟ್ಕೊಂಡು. ಒಂದ ದಿನಕ್ಕ ಎರಡು ಸರ್ತಿ ಟೀ ತಗೊಳ್ಳೂದು ನಿಮ್ಮ ಕಡೆ ಪದ್ಧತಿ ಅಲ್ಲ ಅಂತ ಕೇಳೀನಿ.”

ಹೆಂಡತಿಯ ಕಡೆ ನೋಡಿದೆ. ಅವಳು ಅಮ್ಮನಿಗೆ ಬಡಿಸುವುದರಲ್ಲಿ ಮಗ್ನಳಾಗಿದ್ದಳು. ಅಮ್ಮನ ಕಡೆ ನೋಡಿದೆ. ಅಮ್ಮನಾದವಳು ಮಗನ ಹಸಿವನ್ನು ಕಣ್ಣಲ್ಲೇ ಅಳೆಯುತ್ತಾಳೆ ಎನ್ನುತ್ತಾರೆ. ನಮ್ಮಮ್ಮನ ಕಣ್ಣು ಪೈ ಮೇಲಿತ್ತು. ನಾನು ಒಲೆಯ ಪಕ್ಕದ ಮುಕ್ಕಾಲಿಯ ಮೇಲೆ, ಬೆಕ್ಕನ್ನು ಎಬ್ಬಿಸಿ ಕೂತೆ.

ಅಮ್ಮ ಉಂಡಳು. ನಾನು ಅವಳನ್ನು ಅಷ್ಟು ವರ್ಷ ನೋಡಿದ್ದೇನೆ, ಉಣ್ಣುವುದನ್ನು ಅವತ್ತೇ ಮೊದಲು ನೋಡಿದ್ದು. ಎರಡನೇ ಸಲ ಹಾಕಿಸಿಕೊಂಡಾಗ ಮುತ್ತಿನ ಸರವನ್ನು ಬೆನ್ನ ಕಡೆಗೆ ತಿರುಗಿಸಿಕೊಂಡಳು, ಅಡ್ಡ ಬರುತ್ತದೆ ಎಂದು. ಉಣ್ಣುತ್ತಾ ಉಣ್ಣುತ್ತಾ ಒಮ್ಮೆ ಫೋರ್ಕು ಕೆಳಗಿಟ್ಟು ಮ್ಯೂರಿಯಲ್‌ಗೆ ಹೇಳಿದಳು. “ಈ ಹಿಟ್ಟಿನ ಮುಚ್ಚಳ ಇಷ್ಟು ಹಗುರಾಗಿ ಹೇಗಮ್ಮ ಬಂತು? ನನಗೆ ಒಂದು ದಿನವೂ ಬರಲಿಲ್ಲ. ನಮ್ಮನೆಯವರು ಅದನ್ನ ಛಾವಣಿಯ ಹೆಂಚು ಅಂತಿದ್ದರು.”

“ಕೈ ತಣ್ಣಗಿರಬೇಕ್ರಿ” ಎಂದಳು ಮ್ಯೂರಿಯಲ್. “ಗಿರಣ್ಯಾಗ ದುಡದ ಕೈ ಬಿಸಿ ಇರ್ತಾವ, ನಾ ಮೊದಲ ತಣ್ಣೀರಾಗ ಇಡ್ತೀನಿ.”

ಅಮ್ಮ ಆ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಅವಳು ಹಿಡಿದಿದ್ದ ರೀತಿ ಮಧ್ಯಾಹ್ನ ಬಾಗಿಲಲ್ಲಿ ಕುಲುಕಿದಂತಿರಲಿಲ್ಲ. “ನಾನು ನಿನಗೆ ಸೋಪು ಕಳಿಸ್ತಿದ್ದೆ” ಅಂದಳು. ಮುಂದೆ ಏನೋ ಹೇಳಬೇಕೆಂದು ಬಾಯಿ ತೆರೆದಳು. ಮ್ಯೂರಿಯಲ್, “ಪೀಚ್ ಹಣ್ಣು ತಗೊಳ್ರಿ” ಎಂದು ಬಟ್ಟಲು ಮುಂದಿಟ್ಟಳು. ಮಾತು ಅಲ್ಲಿಗೇ ನಿಂತಿತು, ಮತ್ತೆ ಯಾರೂ ಎತ್ತಲಿಲ್ಲ.

ಆರೂಮುಕ್ಕಾಲಿನ ಗಾಡಿ ಆರೂಮುಕ್ಕಾಲಿಗೆ ಹೋಯಿತು. ಅದರ ಶಿಳ್ಳೆ ಕೇಳಿಸಿದ್ದು ನನಗೊಬ್ಬನಿಗೇ. ಆ ಹೊತ್ತಿಗೆ ಮೂವರೂ ಒಲೆಯ ಸುತ್ತ ಕಾಲು ಚಾಚಿ ಕೂತಿದ್ದರು, ಅತ್ತೆ ನನ್ನ ಬಾಡಿಗೆ ದಿನಗಳ ಉಪವಾಸ ವ್ರತದ ಕಥೆ ಹೇಳುತ್ತಿದ್ದರು. ಅಮ್ಮ ಕಣ್ಣೀರು ಬರುವಂತೆ ನಕ್ಕಳು. ನಕ್ಕು ಸುಧಾರಿಸಿಕೊಂಡು, “ಹಾಗಾದರೆ ಕುಡಿಯುವುದಕ್ಕೆ ನೀವು ಏನಂತೀರಿ?” ಎಂದು ಕೇಳಿದಳು.

“ಬ್ರೂ ಅಂತೀವ್ರಿ.”

“ಬ್ರೂ” ಎಂದು ಅಮ್ಮ ಹೊಸ ಹಲ್ಲಿನಲ್ಲಿ ಕಡಲೆ ಕಡಿಯುವವಳಂತೆ ಎಚ್ಚರಿಕೆಯಿಂದ ಅಂದಳು. “ಹಂಫ್ರಿ, ಮುಕ್ಕಾಲಿಯ ಮೇಲೆ ಸುಮ್ಮನೆ ಯಾಕೆ ಕೂತಿದೀಯ? ಎಲ್ಲರಿಗೂ ಬ್ರೂ ಮಾಡು.”

ಮಾಡಿದೆ. ಒಂದಲ್ಲ, ಎರಡು ಪಾಟು ಮಾಡಿದೆ. ಪೈ ತಟ್ಟೆಯನ್ನು ತೊಳೆಯುವ ಭಾಗ್ಯವೂ ನನ್ನದೇ ಆಯಿತು. ಅಂಚಿಗೆ ಅಂಟಿಕೊಂಡಿದ್ದ ಒಂದಿಷ್ಟು ಕರಕಲನ್ನು ಕೆರೆದು ತಿಂದೆ ಎಂದು ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಅಮ್ಮ ನಮ್ಮಲ್ಲೇ ಉಳಿದಳು. ಸೋದರ ಸಂಬಂಧಿಗೆ ಫೋನ್ ಮಾಡಿ, ಎದೆಗೆ ಮಂಜು ಸೋಕಿದೆ, ಒಂದೆರಡು ದಿನ ತಡವಾಗಬಹುದು ಎಂದಳು. ಭಾನುವಾರ ಬೆಳಗ್ಗೆ ನಾನು ಎದ್ದು ಕೆಳಗಿಳಿಯುವಷ್ಟರಲ್ಲಿ ಮೂವರೂ ಚರ್ಚಿಗೆ ಹೋಗಿ ಬಂದು ಅಡುಗೆಮನೆ ಹೊಕ್ಕಿದ್ದರು. ಅಮ್ಮ ಮ್ಯೂರಿಯಲ್‌ನ ಏಪ್ರನ್ ಕಟ್ಟಿಕೊಂಡು, ಎರಡೂ ಕೈಯನ್ನು ತಣ್ಣೀರಿನ ಪಾತ್ರೆಯಲ್ಲಿ ಅದ್ದಿಕೊಂಡು ನಿಂತಿದ್ದಳು. ನನ್ನ ಕಡೆ ಯಾರೂ ತಿರುಗಲಿಲ್ಲ. ನಾನು ಪೇಪರು ಹಿಡಿದು ಕೂತೆ. ಹುರಿದ ಮಾಂಸದ ಘಮ ಬಾಗಿಲ ಸಂದಿನಿಂದ ಬಂದು ಮೊದಲನೇ ಪುಟವನ್ನು ದಾಟಲು ಬಿಡಲಿಲ್ಲ.

ಹನ್ನೆರಡೂವರೆಗೆ ತಡೆಯಲಾರದೆ ಎದ್ದು ಹೋದೆ. ಮೂವರೂ ಮೇಜಿನ ಸುತ್ತ ಕೂತಿದ್ದರು. ಈ ಸಲ ನಾಲ್ಕನೆಯ ತಟ್ಟೆಯೂ ಇತ್ತು, ಅದನ್ನು ಇಟ್ಟವಳು ಮ್ಯೂರಿಯಲ್ ಎಂದು ಅವಳ ಓರೆನೋಟದಿಂದ ತಿಳಿಯಿತು. ಎಲ್ಲರನ್ನೂ ಒಟ್ಟಿಗೆ ಸಂತೋಷಪಡಿಸುವ ಏನಾದರೂ ಮಾತು ಆಡಬೇಕೆನ್ನಿಸಿತು.

“ಆಹಾ,” ಅಂದೆ, ಕುರ್ಚಿ ಎಳೆದುಕೊಳ್ಳುತ್ತಾ, “ಲಂಚ್ ಅಂದರೆ ಹೀಗಿರಬೇಕು.”

ಮೇಜಿನ ಸುತ್ತ ಕೈಗಳು ನಿಂತವು. ಲಂಚ್ ಎಂದವನನ್ನು ಲಂಚ ಕೇಳಿದವನನ್ನು ನೋಡುವ ಹಾಗೆ ಮೂವರೂ ನೋಡಿದರು. ನಮ್ಮಮ್ಮ ಬ್ರೆಡ್ಡಿನ ಅಂಚಿನಿಂದ ತಟ್ಟೆಯ ಗೊಜ್ಜನ್ನು ಒರೆಸುತ್ತಿದ್ದವಳು, ಆ ಅಂಚನ್ನು ಬಾಯಿಗಿಟ್ಟುಕೊಂಡು ನಿಧಾನವಾಗಿ ನುಂಗಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಡಿನ್ನರ್, ಹಂಫ್ರಿ” ಅಂದಳು. ಆಮೇಲೆ ನಮ್ಮ ಅತ್ತೆಯ ಕಡೆ ತಿರುಗಿ, ಕ್ಷಮೆ ಕೇಳುವ ದನಿಯಲ್ಲಿ, “ಬೇಸರ ಮಾಡ್ಕೋಬೇಡಿ ಬಂಗಾರ. ಇವನನ್ನ ಯಾರು ಬೆಳೆಸಿದರೋ, ಮಾತಾಡೋದನ್ನೇ ಕಲಿಸಿಲ್ಲ” ಅಂದಳು.